‘ಹ’ ಇದ್ದಲ್ಲಿ ‘ಪ’ ಇಟ್ಟು ನೋಡಿ: ಗ್ರಂಥಾಲಯದಲ್ಲಿ ತೆಲುಗಿನ ಮೊದಲ ಪದಗಳು

[ದೃಶ್ಯ: ಕೋಲಾರದ ಟೊಮೆಟೊ ಮಾರುಕಟ್ಟೆ, ಬೆಳಗಿನ ಹೊತ್ತು]

ನಿರೂಪಣೆ: ನಮಸ್ಕಾರ. ಈ ಮಾರುಕಟ್ಟೆಯಲ್ಲಿ ಅರ್ಧ ಗಂಟೆ ನಿಂತರೆ ಕನ್ನಡದಷ್ಟೇ ತೆಲುಗೂ ಕಿವಿಗೆ ಬೀಳುತ್ತದೆ. ‘ಅನ್ನಾ, ಕಿಲೋ ಎಂತ?’ ಎಂದು ಯಾರೋ ಕೇಳುತ್ತಾರೆ. ಇಲ್ಲಿ ‘ಅನ್ನ’ ಊಟದ ಅನ್ನವಲ್ಲ, ಅಣ್ಣ. ‘ಎಂತ’ ಎಂದರೆ ಎಷ್ಟು. ಕೆಲಸಕ್ಕಾಗಿ ಬೇರೆ ಜಿಲ್ಲೆಗಳಿಂದ ಕೋಲಾರಕ್ಕೆ ಬಂದವರಿಗೆ ಇಂತಹ ಹತ್ತಿಪ್ಪತ್ತು ಪದಗಳು ತಿಳಿದಿದ್ದರೂ ದಿನದ ವ್ಯವಹಾರ ಸಲೀಸಾಗುತ್ತದೆ. ಅವನ್ನು ಗ್ರಂಥಾಲಯದ ನೆರವಿನಿಂದ ಕಲಿಯುವುದು ಹೇಗೆ ಎಂಬುದೇ ಇಂದಿನ ವಿಷಯ.

[ದೃಶ್ಯ: ಗ್ರಂಥಾಲಯದ ಕಪಾಟುಗಳು]

ನಿರೂಪಣೆ: ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಪುಸ್ತಕಗಳನ್ನು ಜೋಡಿಸಿರುವ ಗ್ರಂಥಾಲಯಗಳಲ್ಲಿ ಭಾಷೆಗಳಿಗೆ 400ರಿಂದ ಆರಂಭವಾಗುವ ಸಂಖ್ಯೆಗಳಿವೆ, ಕನ್ನಡಕ್ಕೆ 494.814, ತೆಲುಗಿಗೆ 494.827. ಬೇರೆ ರೀತಿಯಲ್ಲಿ ಜೋಡಿಸಿದ್ದರೆ ಗ್ರಂಥಪಾಲಕರನ್ನು ಕೇಳುವುದೇ ಸುಲಭದ ದಾರಿ. ಹೆಚ್ಚಿನವರು ತೆಲುಗು ಕಪಾಟಿಗೇ ನೇರವಾಗಿ ಹೋಗುತ್ತಾರೆ. ನಾನಾದರೋ ಮೊದಲು ಕನ್ನಡದ ನಿಘಂಟನ್ನೇ ತೆಗೆಯಿರಿ ಎನ್ನುತ್ತೇನೆ.

ಕಾರಣವಿದೆ. ಹಳಗನ್ನಡದಲ್ಲಿ ಪದದ ಮೊದಲಿಗಿದ್ದ ‘ಪ’ಕಾರವು ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಕ್ರಮೇಣ ‘ಹ’ಕಾರವಾಯಿತು, ತೆಲುಗಿನಲ್ಲಿ ಅದು ‘ಪ’ಕಾರವಾಗಿಯೇ ಉಳಿಯಿತು. ಆದ್ದರಿಂದ ನಮ್ಮ ಹಾಲು ಅಲ್ಲಿ ಪಾಲು, ಹುಲಿ ಪುಲಿ, ಹಂದಿ ಪಂದಿ, ಹೂವು ಪುವ್ವು, ಹಾವು ಪಾಮು, ಹಣ್ಣು ಪಂಡು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಅನೇಕ ಪದಗಳ ಎದುರು ತಮಿಳು, ತೆಲುಗು ಮುಂತಾದ ಸೋದರ ಭಾಷೆಗಳ ರೂಪಗಳನ್ನೂ ಕೊಟ್ಟಿರುವುದರಿಂದ, ಗೊತ್ತಿರುವ ಕನ್ನಡ ಪದದ ಕೈ ಹಿಡಿದು ಗೊತ್ತಿಲ್ಲದ ತೆಲುಗು ಪದದ ಮನೆಗೆ ಹೋಗಬಹುದು. ಇದು ಸಾಮಾನ್ಯವಾಗಿ ಪರಾಮರ್ಶನ ವಿಭಾಗದಲ್ಲಿರುವ ಗ್ರಂಥ, ಮನೆಗೆ ಕೊಡುವುದಿಲ್ಲ. ನೋಟ್‌ಬುಕ್ ಮರೆಯಬೇಡಿ.

[ದೃಶ್ಯ: ನೋಟ್‌ಬುಕ್ಕಿನ ಪುಟದಲ್ಲಿ ಎರಡು ಕಾಲಂಗಳು]

ನಿರೂಪಣೆ: ಈ ಸೂತ್ರವನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಹತ್ತು ಎಂಬುದಕ್ಕೆ ತೆಲುಗಿನಲ್ಲಿ ‘ಪದಿ’, ಹಲ್ಲಿಗೆ ‘ಪನ್ನು’. ಸಂಬಂಧ ಇದೆ, ರೂಪ ಮಾತ್ರ ಊಹೆಗೆ ಸಿಗದು. ಮನೆಗೆ ‘ಇಲ್ಲು’ ಎನ್ನುತ್ತಾರೆ, ಅದು ನಮ್ಮ ‘ಇಲ್ಲ’ ಎಂದು ಕೇಳಿಸಿ ಎಷ್ಟೋ ಮಂದಿ ಗೊಂದಲಕ್ಕೆ ಬಿದ್ದಿದ್ದಾರೆ. ‘ಪಾಲು’ ಎಂದರೆ ಹಾಲೂ ಹೌದು, ಆಸ್ತಿಯ ಪಾಲೂ ಹೌದು. ಇಂತಹವುಗಳಿಗೆ ನೋಟ್‌ಬುಕ್ಕಿನಲ್ಲಿ ಬೇರೆ ಪುಟವನ್ನೇ ಇಡಿ.

ಲಿಪಿಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಕನ್ನಡ, ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ಬಹುತೇಕ ಅಕ್ಷರಗಳು ಗುರುತು ಸಿಗುತ್ತವೆ. ಕ, ತ, ಶ ಅಕ್ಷರಗಳನ್ನೂ ತಲಕಟ್ಟನ್ನೂ ಬೇರೆಯಾಗಿ ಅಭ್ಯಾಸ ಮಾಡಿದರೆ ಮಕ್ಕಳ ತೆಲುಗು ಪುಸ್ತಕವೊಂದನ್ನು ಓದತೊಡಗಬಹುದು.

ಗ್ರಂಥಾಲಯ ದೂರವಿದ್ದವರಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ಜಾಲತಾಣದಲ್ಲಿ ನಿಘಂಟುಗಳು ಉಚಿತವಾಗಿ ದೊರೆಯುತ್ತವೆ.

[ದೃಶ್ಯ: ಮತ್ತೆ ಮಾರುಕಟ್ಟೆ]

ನಿರೂಪಣೆ: ಉಚ್ಚಾರಣೆಯನ್ನು ಮಾತ್ರ ಪುಸ್ತಕ ಕಲಿಸದು. ನಿಘಂಟಿನಿಂದ ಬರೆದುಕೊಂಡ ಪದವನ್ನು ಅದೇ ದಿನ ಸಂಜೆ ಹಣ್ಣಿನಂಗಡಿಯಲ್ಲಿ ಹೇಳಿ ನೋಡಿ. ‘ಮೀ ಪೇರು ಏಮಿ?’ ಎಂದರೆ ನಿಮ್ಮ ಹೆಸರೇನು ಎಂದು. ಹೆಸರು ಹಳಗನ್ನಡದಲ್ಲಿ ‘ಪೆಸರ್’ ಆಗಿತ್ತು. ಹಿರಿಯರೊಡನೆ ‘ನೀ’ ಬೇಡ, ‘ಮೀ’ ಎನ್ನಿ.