ಹಸಿರು ದೀಪ ಉರಿಯುತ್ತಿದೆ, ನೆಟ್ ಮಾತ್ರ ಇಲ್ಲ

ಕೇಳುಗರಿಗೆಲ್ಲ ನಮಸ್ಕಾರ.

ಕಳೆದ ಮಾರ್ಚ್ ತಿಂಗಳ ಒಂದು ರಾತ್ರಿ. ಊಟಕ್ಕೆ ಕೂತಿದ್ದೆ, ಫೋನ್ ಬಂತು. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯಲ್ಲಿ ಒಂದು ಕೋಲ್ಡ್ ಸ್ಟೋರೇಜ್ ಇದೆ. ಒಣದ್ರಾಕ್ಷಿ ಇಡುವ ಜಾಗ. ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಲೆಕ್ಕ ಬರೆಯುವ ಹುಡುಗ ಮಾತಾಡಿದ. "ಅಣ್ಣಾರ, ಲಾರಿ ತುಂಬಿ ನಿಂತದ. ಇ-ವೇ ಬಿಲ್ ತೆಗೀಲಾಕ ಆಗವಲ್ತು. ಎರಡೂ ಡಬ್ಬಿಗೆ ಹಸಿರು ಲೈಟ್ ಹತ್ಯಾವ, ನೆಟ್ ಮಾತ್ರ ಇಲ್ರಿ."

ಮಾಲು ಸಾಂಗ್ಲಿಗೆ ಹೋಗಬೇಕಿತ್ತು. 50,000 ರೂಪಾಯಿಗಿಂತ ಜಾಸ್ತಿ ಬೆಲೆಯ ಮಾಲು ರಾಜ್ಯ ದಾಟಬೇಕಾದರೆ ಇ-ವೇ ಬಿಲ್, ಅಂದರೆ ಆನ್‌ಲೈನ್‌ನಲ್ಲಿ ತೆಗೆಯುವ ಸಾಗಣೆ ಚೀಟಿ, ಬೇಕೇ ಬೇಕು. ಬಿಲ್ ಇಲ್ಲದೆ ಲಾರಿ ಗೇಟ್ ಬಿಟ್ಟು ಕದಲುವಂತಿಲ್ಲ. ಡ್ರೈವರ್ ಹೊರಗೆ ಕಾಯುತ್ತಿದ್ದ. ಇಂಥ ಹೊತ್ತಿಗೆ ಇರಲಿ ಅಂತಲೇ ಅಲ್ಲಿ ಎರಡು ಲೈನ್ ಹಾಕಿಸಿದ್ದೆವು. ಒಂದು ನೆಲದಲ್ಲಿ ಬರುವ ಫೈಬರ್. ಇನ್ನೊಂದು ಮಾಳಿಗೆ ಮೇಲಿನ ಸಣ್ಣ ಡಿಶ್, ದೂರದ ಟವರ್ ಕಡೆಗೆ ಮುಖ ಮಾಡಿ ಕೂತಿದೆ. ಎರಡೂ ತಮ್ಮ ತಮ್ಮ ಡಬ್ಬಿ, ಅಂದರೆ ರೂಟರ್ ಮೂಲಕ ಬಂದು ಸೇರುವುದು ವಿಂಡೋಸ್ ಬದಲು ಲಿನಕ್ಸ್ ಹಾಕಿದ ಒಂದು ಹಳೆಯ ಕಂಪ್ಯೂಟರ್‌ಗೆ. ಒಂದು ಹೋದರೆ ಇನ್ನೊಂದು ಇದೆಯಲ್ಲ ಎಂದು ಸಾಹುಕಾರರು ನಿಶ್ಚಿಂತೆಯಿಂದ ಇದ್ದರು. ನಾನೂ ಇದ್ದೆ.

"ಡಬ್ಬಿ ಆಫ್ ಮಾಡಿ ಆನ್ ಮಾಡ್ಲೇನ್ರಿ?" ಅಂತ ಹುಡುಗ ಕೇಳಿದ. ಬೇಡ ಅಂದೆ. ಎರಡನ್ನೂ ಒಟ್ಟಿಗೆ ಆಫ್ ಮಾಡಿದರೆ ಒಮ್ಮೊಮ್ಮೆ ಸರಿಹೋಗುತ್ತದೆ ನಿಜ. ಆದರೆ ಏನು ಕೆಟ್ಟಿತ್ತು ಅನ್ನುವುದು ಗೊತ್ತಾಗುವುದೇ ಇಲ್ಲ. ಮುಂದಿನ ವಾರ ಅದೇ ಲಾರಿ, ಅದೇ ಗೇಟ್, ಅದೇ ಫೋನ್. ಮೊದಲು ಮಷೀನನ್ನೇ ಕೇಳಬೇಕು. ನೀನು ಯಾವ ದಾರಿ ಹಿಡಿದಿದ್ದೀಯಾ ಅಂತ.

ಹಾಗೆ ಕೇಳಲು ಒಂದು ಪುಟ್ಟ ಆಜ್ಞೆ ಇದೆ. 'ಐಪಿ ರೂಟ್ ಗೆಟ್' ಎಂದು ಬರೆದು, ಮುಂದೆ ಹೊರಗಿನ ಯಾವುದಾದರೂ ವಿಳಾಸ ಕೊಡಬೇಕು. 8.8.8.8 ಅಂತ ಇಟ್ಟುಕೊಳ್ಳಿ. ಅಲ್ಲಿಗೆ ಹೋಗಬೇಕಾದರೆ ಯಾವ ಕಾರ್ಡ್‌ನಿಂದ, ಅಂದರೆ ವೈರ್ ಚುಚ್ಚುವ ಯಾವ ಕಿಂಡಿಯಿಂದ, ಯಾವ ರೂಟರ್ ಮೂಲಕ, ಯಾವ ವಿಳಾಸ ಹೊತ್ತು ಹೊರಡುತ್ತೇನೆ ಎಂದು ಮಷೀನ್ ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ. ಮ್ಯಾಕ್ ಅಥವಾ ಫ್ರೀಬಿಎಸ್‌ಡಿ ಇದ್ದವರು 'ರೂಟ್ ಗೆಟ್' ಎಂದು ಕೇಳಬಹುದು. ಹುಡುಗ ಫೋನ್‌ನಲ್ಲೇ ಬರೆದು ಓದಿದ. ಬಂದ ಉತ್ತರ, 192.168.1.1. ಅದು ಫೈಬರ್‌ನ ರೂಟರ್.

ಮುಂದಿನ ಕೆಲಸ ಪಿಂಗ್. ಗೋಳಗುಮ್ಮಟದ ಮೇಲಿನ ಸುತ್ತಿನಲ್ಲಿ ನಿಂತು ಕೂಗಿದವರಿಗೆ ಪಿಂಗ್ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಒಂದು ಕೂಗು ಕಳಿಸುವುದು, ಅದರ ಮಾರ್ದನಿ ಬರುತ್ತದಾ ಅಂತ ಕಾಯುವುದು. ಆ ಸಂದೇಶದ ಹೆಸರೇ ಎಕೋ. ಮೈಕ್ ಮೂಸ್ ಅನ್ನುವವರು 1983ರಲ್ಲಿ ಇದನ್ನು ಬರೆದರು, ಇವತ್ತಿಗೂ ದಿನಾ ಬೇಕಾಗುತ್ತದೆ. ಎರಡು ಲೈನ್ ಇದ್ದಾಗ ಸುಮ್ನೆ ಪಿಂಗ್ ಅಂದರೆ ಸಾಲದು. ಯಾವ ಕಾರ್ಡ್‌ನಿಂದ ಕೂಗಬೇಕು ಅಂತಲೂ ಹೇಳಬೇಕು. ಅದಕ್ಕೆ ಪಿಂಗ್ ಮುಂದೆ ಒಂದು ಅಡ್ಡಗೆರೆ, ದೊಡ್ಡ ಐ ಅಕ್ಷರ, ಆಮೇಲೆ ಕಾರ್ಡ್‌ನ ಹೆಸರು.

ಫೈಬರ್ ಕಾರ್ಡ್‌ನಿಂದ ರೂಟರ್‌ಗೆ ಕೂಗಿದರೆ ಉತ್ತರ ಬಂತು. ಅದೇ ಕಾರ್ಡ್‌ನಿಂದ 8.8.8.8ಕ್ಕೆ ಕೂಗಿದರೆ ಮೌನ. ಡಿಶ್ ಕಾರ್ಡ್‌ನಿಂದ ಕೂಗಿದರೆ ಚೆನ್ನಾಗಿ ಉತ್ತರ ಬಂತು. ಅಂದರೆ ಡಿಶ್ ಲೈನ್‌ಗೆ ಏನೂ ಆಗಿರಲಿಲ್ಲ. ಲಾರಿ ಸುಮ್ನೆ ನಿಂತಿತ್ತು!

ಇದು ಯಾಕೆ ಹೀಗೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಎರಡು ಲೈನ್ ಇರುವವರು ಜಾಸ್ತಿ ಎಡವುವುದು ಇಲ್ಲೇ. ಆ ಹಸಿರು ದೀಪ ಹೇಳುವುದು ಇಷ್ಟೇ. ಕಂಪ್ಯೂಟರ್‌ಗೂ ಮೇಜಿನ ಮೇಲಿನ ರೂಟರ್‌ಗೂ ನಡುವಿನ ಮೂರು ಅಡಿ ವೈರ್ ಚೆನ್ನಾಗಿದೆ. ರೂಟರ್‌ನ ಆಚೆ, ರಸ್ತೆ ಬದಿಯಲ್ಲಿ ಜೆಸಿಬಿ ಫೈಬರ್ ಕಿತ್ತಿದ್ದರೆ ಅದು ಕಂಪ್ಯೂಟರ್‌ಗೆ ಗೊತ್ತೇ ಆಗುವುದಿಲ್ಲ. ಲಿನಕ್ಸ್ ತನ್ನ ದಾರಿಗಳ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಮೆಟ್ರಿಕ್ ಎಂಬ ಒಂದು ಅಂಕಿ ಇಡುತ್ತದೆ. ಅಂಕಿ ಕಡಿಮೆ ಇದ್ದ ದಾರಿಗೆ ಮೊದಲ ಮಣೆ. ಲೈನ್‌ಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಎಂಬ ಪ್ರೋಗ್ರಾಂ ಇರುವ ಕಡೆ ವೈರ್ ಲೈನ್‌ಗೆ ಸಾಮಾನ್ಯವಾಗಿ 100, ವೈಫೈಗೆ 600, ಮೊಬೈಲ್ ಡಾಂಗಲ್‌ಗೆ 700. ನಮ್ಮಲ್ಲಿ ಫೈಬರ್ 100, ಡಿಶ್ 101. ಮೂರು ಅಡಿ ವೈರ್ ನೆಟ್ಟಗಿರುವ ತನಕ ಆ ನೂರರ ದಾರಿ ಪಟ್ಟಿಯಿಂದ ಇಳಿಯುವುದಿಲ್ಲ. ಹೊರಟ ಪತ್ರವೆಲ್ಲ, ಅಂದರೆ ಮಷೀನ್ ಕಳಿಸುವ ಡೇಟಾ ಪೊಟ್ಟಣವೆಲ್ಲ, ಕಿತ್ತುಹೋದ ಫೈಬರ್ ಕಡೆಗೇ ಹೋಗಿ ಕಳೆದುಹೋಗುತ್ತಿತ್ತು.

ಹೊರಗೆ ಹೋಗುವ ಪತ್ರಗಳು ಮಾಮೂಲಾಗಿ ಹಿಡಿಯುವ ದಾರಿಗೆ ಡಿಫಾಲ್ಟ್ ದಾರಿ ಅನ್ನುತ್ತಾರೆ. ಡಿಶ್ ರೂಟರ್ ಮೂಲಕ ಇನ್ನೊಂದು ಡಿಫಾಲ್ಟ್ ದಾರಿ, ಮೆಟ್ರಿಕ್ 50 ಎಂದು ಸೇರಿಸಲು ಹೇಳಿದೆ. ಸೇರಿಸಿದ. ಪಿಂಗ್ ಬಂತು. ಆದರೆ ಪೇಜ್ ಆಗಲೂ ತೆರೆಯಲಿಲ್ಲ.

ಈಗ ಕೆಟ್ಟದ್ದು ಹೆಸರಿನ ಲೆಕ್ಕ. ಅಂಕಿಗೆ ಕೂಗಿದರೆ ಉತ್ತರ ಬರುತ್ತದೆ, ಹೆಸರಿಗೆ ಕೂಗಿದರೆ ಬರುವುದಿಲ್ಲ ಅಂದರೆ ಹೆಸರಿಗೆ ಅಂಕಿಯ ವಿಳಾಸ ಹುಡುಕಿ ಕೊಡುವ ಡಿಎನ್‌ಎಸ್ ಕಡೆ ನೋಡಬೇಕು. ಇಟಿಸಿ ಫೋಲ್ಡರ್‌ನ ರಿಸಾಲ್ವ್ ಡಾಟ್ ಕಾನ್ಫ್ ಫೈಲ್‌ನಲ್ಲಿ ಎರಡು ವಿಳಾಸ ಇದ್ದವು. ಎರಡೂ ಫೈಬರ್ ಕಂಪನಿಯವು. ಆ ಸರ್ವರ್‌ಗಳು ತಮ್ಮ ಗಿರಾಕಿಗಳಿಗೆ ಮಾತ್ರ ಉತ್ತರ ಕೊಡುತ್ತವೆ, ಬೇರೆ ಲೈನ್‌ನಿಂದ ಹೋಗಿ ಕೇಳಿದರೆ ಕೊಡುವುದಿಲ್ಲ. ಯಾರು ಕೇಳಿದರೂ ಉತ್ತರ ಕೊಡುವ ಸರ್ವರ್‌ನ ವಿಳಾಸ, 1.1.1.1 ಎಂದು ಮೊದಲ ಸಾಲಿಗೆ ಬರೆಸಿದೆ. ಬಿಲ್ ಬಂತು. ಫೋನ್‌ನಲ್ಲೇ ಲಾರಿ ಚಾಲೂ ಆದ ಸದ್ದು ಕೇಳಿಸಿತು.

ಮೊದಲ ಸಾಲಿಗೆ ಅಂತ ಯಾಕೆ ಹೇಳಿದೆ ಗೊತ್ತಾ? ಸಾಮಾನ್ಯವಾಗಿ ಮಷೀನ್ ಈ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ. ಮೂರು ವಿಳಾಸದ ತನಕ ಮಾತ್ರ. ಒಂದೊಂದರ ಮುಂದೆ 5 ಸೆಕೆಂಡ್ ಕಾಯುತ್ತದೆ. ಸತ್ತ ಸರ್ವರ್ ಮೇಲಿದ್ದರೆ ಪ್ರತಿ ಹೆಸರಿಗೂ ಐದೈದು ಸೆಕೆಂಡ್ ಹೋಯಿತು. ನೆಟ್ ನಿಧಾನ ಎಂದು ಬೈಯುವವರಲ್ಲಿ ಹಲವರ ಕಷ್ಟ ಇಷ್ಟೇ ಇರುತ್ತದೆ.

ನಮ್ಮ ವಿಜಯಪುರಕ್ಕೆ ಎರಡು ಕಡೆಯಿಂದ ನೀರು ತರುವ ಕೆಲಸ ಹೊಸದಲ್ಲ. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ಬರುತ್ತಿತ್ತು. ಆಮೇಲೆ 1651ರಲ್ಲಿ ಮೊಹಮ್ಮದ್ ಆದಿಲ್‌ಶಾಹನ ಆಳ್ವಿಕೆಯಲ್ಲಿ ಬೇಗಂ ತಲಾಬ್ ಆಯಿತು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು. ನಡುನಡುವೆ ಗಂಜ್ ಎಂದು ಕರೆಯುವ ಕಲ್ಲಿನ ಗೋಪುರಗಳು. ನೀರಿನ ಒತ್ತಡ ತಗ್ಗಿಸಲು, ಕೆಸರು ಕೆಳಗೆ ಕೂರಲು ಅವನ್ನು ಕಟ್ಟಿದ್ದರು. ಕೆಲವು ಈಗಲೂ ನಿಂತಿವೆ, ಹೋದಾಗ ನೋಡಿ. ಹುಡುಗರಿಗೆ ರೂಟರ್ ಬಗ್ಗೆ ಹೇಳುವಾಗ ನಾನು ಈ ಗಂಜ್‌ಗಳನ್ನೇ ತೋರಿಸುತ್ತೇನೆ. ಆದರೆ ಒಂದು ಮಾತು ಬಿಡದೆ ಸೇರಿಸುತ್ತೇನೆ. ನೀರು ಒಂದೇ ಕಡೆಗೆ ಹರಿಯುತ್ತದೆ. ಇಂಟರ್ನೆಟ್‌ನಲ್ಲಿ ಬಂದ ಪ್ರತಿ ಪತ್ರಕ್ಕೂ ಉತ್ತರ ವಾಪಸ್ ಹೋಗಬೇಕು, ಅಲ್ವಾ? ಎರಡನೆಯ ದೊಡ್ಡ ತೊಂದರೆ ಹುಟ್ಟುವುದು ಅಲ್ಲೇ.

ಸಾಹುಕಾರರ ಮಗ ಪುಣೆಯಲ್ಲಿದ್ದಾನೆ. ಅಲ್ಲಿಂದ ಫೋನ್‌ನಲ್ಲಿ ಗೋದಾಮಿನ ಕ್ಯಾಮೆರಾ ನೋಡುತ್ತಾನೆ. ರೆಕಾರ್ಡಿಂಗ್ ನಡೆಯುವುದು ಅದೇ ಲಿನಕ್ಸ್ ಮಷೀನ್‌ನಲ್ಲಿ. ಬದಲಾಗದ ವಿಳಾಸ ಇರುವುದು ಡಿಶ್ ಲೈನ್‌ಗೆ, ಹಾಗಾಗಿ ಅವನು ಡಿಶ್ ಬಾಗಿಲಿನಿಂದ ಒಳಗೆ ಬರುತ್ತಾನೆ. ಮಷೀನ್ ಉತ್ತರ ಬರೆಯುತ್ತದೆ, ಡಿಫಾಲ್ಟ್ ದಾರಿ ಯಾವುದು ಅಂತ ನೋಡುತ್ತದೆ, ಫೈಬರ್ ಬಾಗಿಲಿನಿಂದ ಕಳಿಸುತ್ತದೆ. ಆ ಉತ್ತರ ಪುಣೆ ಮುಟ್ಟಿದರೂ ಬೇರೆಯೇ ವಿಳಾಸದಿಂದ ಬಂದಿರುತ್ತದೆ. ಫೋನ್ ಅದನ್ನು ಎಸೆಯುತ್ತದೆ. ಎಸೆಯಲೇಬೇಕು. ನಾನು ಕೇಳಿದ್ದು ಒಬ್ಬರನ್ನು, ಉತ್ತರ ಕೊಟ್ಟವರು ಇನ್ನೊಬ್ಬರು ಅಂದರೆ ಯಾರು ನಂಬುತ್ತಾರೆ?

ಇದನ್ನು ಕಣ್ಣಾರೆ ನೋಡಲು ಟಿಸಿಪಿಡಂಪ್ ಇದೆ, ಕಾರ್ಡ್‌ನಲ್ಲಿ ಹೋಗಿಬರುವ ಪತ್ರಗಳನ್ನು ತೋರಿಸುವ ಆಜ್ಞೆ. ಎರಡು ಕಿಟಕಿ ತೆರೆದು, ಒಂದರಲ್ಲಿ ಡಿಶ್ ಕಾರ್ಡ್, ಇನ್ನೊಂದರಲ್ಲಿ ಫೈಬರ್ ಕಾರ್ಡ್ ಹಚ್ಚಿ ಕೂತೆ. ಪುಣೆಯ ಹುಡುಗನಿಗೆ ಫೋನ್‌ನಲ್ಲಿ ಕ್ಯಾಮೆರಾ ತೆರೆಯಲು ಹೇಳಿದೆ. ಎಡಗಡೆ ಕಿಟಕಿಯಲ್ಲಿ ಪತ್ರ ಬಂತು. ಬಲಗಡೆ ಕಿಟಕಿಯಲ್ಲಿ ಉತ್ತರ ಹೋಯಿತು. ಎಡಗಡೆ ಮತ್ತೆ ಅದೇ ಪತ್ರ, ಬಲಗಡೆ ಮತ್ತೆ ಅದೇ ಉತ್ತರ. ಗಂಟೆಗಟ್ಟಲೆ ಯೋಚಿಸಿ ಸಿಗದ್ದು ಅರ್ಧ ನಿಮಿಷದಲ್ಲಿ ಕಣ್ಣ ಮುಂದೆ ಇತ್ತು.

ಇದಕ್ಕೆ ಮದ್ದು 'ಐಪಿ ರೂಲ್', ಯಾವ ಪತ್ರ ಯಾವ ದಾರಿಪಟ್ಟಿ ನೋಡಬೇಕು ಎಂದು ಹೇಳುವ ಆಜ್ಞೆ. ಡಿಶ್ ಲೈನ್‌ಗಾಗಿಯೇ ಬೇರೊಂದು ಪಟ್ಟಿ ಮಾಡಿ, 200 ಅಂತ ಅಂಕಿ ಕೊಟ್ಟೆ. ಆ ಪಟ್ಟಿಯಲ್ಲಿ ಡಿಫಾಲ್ಟ್ ದಾರಿ ಡಿಶ್‌ನದ್ದು. ಆಮೇಲೆ ಒಂದು ನಿಯಮ. ಡಿಶ್ ಕಾರ್ಡ್‌ನ ವಿಳಾಸ ಹೊತ್ತು ಹೊರಡುವ ಪತ್ರವೆಲ್ಲ 200ನೇ ಪಟ್ಟಿ ನೋಡಲಿ. ಅಷ್ಟೇ. ಬಂದವರು ಬಂದ ಬಾಗಿಲಿನಿಂದಲೇ ಹೊರಟರು. ಕೆಲವರು ಇಂಥ ಹೊತ್ತಲ್ಲಿ ಆರ್‌ಪಿ ಫಿಲ್ಟರ್ ಎಂಬ ಕಾವಲನ್ನೇ ಪೂರ್ತಿ ತೆಗೆದುಬಿಡುತ್ತಾರೆ. ಅದು ಬೇಡ. ಸುಳ್ಳು ವಿಳಾಸ ಹಾಕಿಕೊಂಡು ಬರುವ ಪತ್ರಗಳನ್ನು ತಡೆಯಲು ಇರುವ ಕಾವಲು ಅದು. ಕಟ್ಟುನಿಟ್ಟಿನ 1ರಿಂದ ಸಡಿಲದ 2ಕ್ಕೆ ಇಳಿಸಿದರೆ ಸಾಕಾಗುತ್ತದೆ.

ಡಿಶ್ ಬದಲು ಮೊಬೈಲ್ ಡಾಂಗಲ್ ಇದ್ದವರು ಈ ಕ್ಯಾಮೆರಾ ಆಸೆ ಬಿಡಬೇಕಾಗಬಹುದು. ಡಾಂಗಲ್‌ಗೆ ಸಿಕ್ಕ ವಿಳಾಸ 100.64ರಿಂದ 100.127ರ ಒಳಗೆ ಇದ್ದರೆ, ಕಂಪನಿ ಒಂದೇ ವಿಳಾಸವನ್ನು ಹಲವರಿಗೆ ಹಂಚಿದೆ ಅಂತ ಅರ್ಥ. ಹೊರಗಿನವರು ನಿಮ್ಮ ಮನೆ ಹುಡುಕಿಕೊಂಡು ಬರಲಾರರು.

ಇನ್ನೊಂದು ಸಣ್ಣ ವಿಷಯ. ಸಣ್ಣದು ಅಂದೆ, ಆದರೆ ನನ್ನ ಎರಡು ದಿನ ತಿಂದದ್ದು. ಮೊದಲು ಎರಡೂ ಲೈನ್ ಜೋಡಿಸಿದಾಗ ಎರಡೂ ರೂಟರ್‌ಗಳ ವಿಳಾಸ 192.168.1.1. ಕಾರ್ಖಾನೆಯಿಂದ ಹಾಗೇ ಬಂದಿದ್ದವು. ಒಂದೇ ಓಣಿಯಲ್ಲಿ ಎರಡು ಮನೆಗೆ ಒಂದೇ ನಂಬರ್ ಹಾಕಿದ ಹಾಗೆ. ಪತ್ರ ಒಮ್ಮೆ ಈ ಮನೆಗೆ, ಒಮ್ಮೆ ಆ ಮನೆಗೆ. ಡಿಶ್ ರೂಟರ್‌ಗೆ ಹೋಗಿ 192.168.2.1 ಮಾಡಿದ ಮೇಲೆ ಶಾಂತವಾಯಿತು. ಎರಡನೇ ಲೈನ್ ಹಾಕಿಸುವವರು ದಯವಿಟ್ಟು ಇದನ್ನು ಮೊದಲ ದಿನವೇ ಮಾಡಿ.

ಎರಡು ಲೈನ್ ಸೇರಿದರೆ ಸ್ಪೀಡ್ ಎರಡು ಪಟ್ಟಾಗುತ್ತದೆ ಅಂತ ಕೇಳುವವರು ಬಹಳ. ಒಂದು ದೊಡ್ಡ ಫೈಲ್ ಇಳಿಸುವಾಗ ಆಗುವುದಿಲ್ಲ. ಒಂದು ಮಾತುಕತೆ ಒಂದೇ ಲೈನ್‌ನಲ್ಲಿ ನಡೆಯುತ್ತದೆ. ಬೇರೆ ಬೇರೆ ಮಾತುಕತೆಗಳನ್ನು ಎರಡು ಲೈನ್‌ಗೆ ಹಂಚಬಹುದು, ಅಷ್ಟೇ. ಹಾಗೆ ಹಂಚಿದಾಗ ಬ್ಯಾಂಕಿನ ಪೇಜ್ ನಡುವೆಯೇ ಹೊರಗೆ ಹಾಕುವುದುಂಟು, ನಿಮ್ಮ ವಿಳಾಸ ಬದಲಾಯಿತಲ್ಲ ಅಂತ. ಹಣದ ಕೆಲಸ ಇರುವ ಕಡೆ ನಾನು ಹಂಚುವುದಿಲ್ಲ. ಒಂದು ಮುಖ್ಯ, ಒಂದು ಕಾಯ್ದಿಟ್ಟದ್ದು.

ಸಣ್ಣ ಪೇಜ್ ತೆರೆದು ದೊಡ್ಡದು ಅರ್ಧಕ್ಕೇ ನಿಂತರೆ ಪೊಟ್ಟಣದ ಅಳತೆ ನೋಡಿ. ಮಾಮೂಲಿ ಅಳತೆ 1500 ಬೈಟ್, ಹೆಸರು-ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಒಇ ಲೈನ್‌ಗೆ 1492. ತುಂಡು ಮಾಡಬೇಡ ಎಂದು ಹೇಳಿ, ತಲೆಬರಹದ 28 ಬೈಟ್ ಕಳೆದು, 1472ರ ಪಿಂಗ್ ಕಳಿಸಿ. ಅದು ಹೋಗದೆ 1464 ಹೋದರೆ ಅಳತೆ ಇಳಿಸಬೇಕು ಅಂತ ತಿಳಿಯಿತು.

ಆ ಲಾರಿ ಹೋದ ಮೇಲೆ ಒಂದು ಸಣ್ಣ ಸ್ಕ್ರಿಪ್ಟ್, ಅಂದರೆ ಮಷೀನ್ ತಾನಾಗಿ ನಡೆಸುವ ಆಜ್ಞೆಗಳ ಪಟ್ಟಿ, ಬರೆದೆ. ಹತ್ತು ಸೆಕೆಂಡಿಗೊಮ್ಮೆ ಫೈಬರ್ ಕಾರ್ಡ್‌ನಿಂದ ಹೊರಗಿನ ವಿಳಾಸಕ್ಕೆ ಪಿಂಗ್. ಮೂರು ಸಲ ಉತ್ತರ ಬರದಿದ್ದರೆ ಮೆಟ್ರಿಕ್ 50ರ ಡಿಶ್ ದಾರಿ ಸೇರಿಸು, ಫೈಬರ್ ಮತ್ತೆ ಮಾತಾಡಿದರೆ ಆ 50 ತೆಗೆ. ಫೈಬರ್ ದಾರಿಯನ್ನು ಮಾತ್ರ ಅಳಿಸಬೇಡಿ. ಅಳಿಸಿದರೆ ಆ ಕಾರ್ಡ್‌ನಿಂದ ಹೊರಗೆ ಕೂಗಲು ದಾರಿಯೇ ಇರುವುದಿಲ್ಲ, ಲೈನ್ ಸರಿಯಾದರೂ ಸ್ಕ್ರಿಪ್ಟ್‌ಗೆ ತಿಳಿಯುವುದಿಲ್ಲ. ಈ ಆಜ್ಞೆಗಳೆಲ್ಲ ಕರೆಂಟ್ ಹೋಗಿ ಬಂದರೆ ಅಳಿಸಿಹೋಗುತ್ತವೆ. ಆದ್ದರಿಂದ ನಿಯಮಗಳನ್ನೂ ಸ್ಕ್ರಿಪ್ಟನ್ನೂ ಮಷೀನ್ ಎದ್ದೇಳುವಾಗಲೇ ಶುರುವಾಗುವಂತೆ ಇಟ್ಟೆ.

ಒಂದು ಭಾನುವಾರ ಪರೀಕ್ಷೆ ಮಾಡಲು ಹೋದೆ. ಹುಡುಗ ಥಟ್ಟನೆ ಕಂಪ್ಯೂಟರ್ ಹಿಂದಿನ ವೈರ್ ಕಿತ್ತ. ತಕ್ಷಣ ಡಿಶ್‌ಗೆ ಬದಲಾಯಿತು. "ಆತು ನೋಡ್ರಿ" ಅಂದ. ಇಲ್ಲಪ್ಪಾ, ಇದು ನನ್ನ ಸ್ಕ್ರಿಪ್ಟ್ ಇಲ್ಲದಿದ್ದರೂ ಆಗುತ್ತಿತ್ತು ಅಂದೆ. ಮೂರು ಅಡಿ ವೈರ್ ಕಿತ್ತರೆ ಲಿನಕ್ಸ್‌ಗೆ ತಾನಾಗಿಯೇ ತಿಳಿಯುತ್ತದೆ. ಆ ರಾತ್ರಿ ಹೋದದ್ದು ಆಚೆ ಕಡೆಯದ್ದು. ವೈರ್ ಮತ್ತೆ ಹಾಕಿಸಿ, ಈ ಸಲ ಫೈಬರ್ ಡಬ್ಬಿಯ ಹಿಂದಿನ ತೆಳ್ಳನೆಯ ಹಳದಿ ವೈರನ್ನು ನಾನೇ ಮೆಲ್ಲಗೆ ತೆಗೆದೆ. ಡಬ್ಬಿಯ ಮೇಲೆ ಕೆಂಪು ದೀಪ ಹತ್ತಿತು. ಕಂಪ್ಯೂಟರ್ ಕಡೆಯ ಹಸಿರು ದೀಪ ಹಾಗೇ ಉರಿಯುತ್ತಿತ್ತು. ಇಬ್ಬರೂ ಗಡಿಯಾರ ನೋಡುತ್ತ ಕೂತೆವು. ಅರ್ಧ ನಿಮಿಷ ದಾಟಿತು. ಹುಡುಗ ಆಜ್ಞೆ ಬರೆದು ತಾನೇ ಗಟ್ಟಿಯಾಗಿ ಓದಿದ. "192.168.2.1 ಅಂತ ಬಂದದ ಅಣ್ಣಾರ. ಡಿಶ್ ಹಿಡಿದದ."

ಹಳದಿ ವೈರ್ ಮತ್ತೆ ಚುಚ್ಚಿ, ಚಹಾ ಕುಡಿಯಲು ಹೊರಗೆ ಬಂದೆವು.

ನಮಸ್ಕಾರ.