ಪಿಸಿ ಆನ್ ಆಗ್ತಿಲ್ವಾ? ಹೊಸ ಪಾರ್ಟ್ ಕೊಳ್ಳಬೇಡಿ, ಮೊದಲು ಬಿಚ್ಚಿ

ನಮಸ್ಕಾರ. ಒಂದೊಂದೇ ಪಾರ್ಟ್ ಆರಿಸಿ, ಕೈಯಾರೆ ಜೋಡಿಸಿ, ಕೊನೆಗೆ ಪವರ್ ಬಟನ್ ಒತ್ತುತ್ತೀರಿ. ಫ್ಯಾನ್ ತಿರುಗುವುದಿಲ್ಲ, ಸದ್ದೂ ಇಲ್ಲ. ಎದೆ ಧಸಕ್ ಅನ್ನುತ್ತದೆ, ಅಲ್ವಾ?

ಆಗ ಯಾರನ್ನು ಕೇಳಿದರೂ ಒಂದೇ ಮಾತು: "ಪವರ್ ಸಪ್ಲೈ (ಎಲ್ಲ ಪಾರ್ಟ್‌ಗಳಿಗೂ ಕರೆಂಟ್ ಕೊಡುವ ಡಬ್ಬ) ಹೋಗಿದೆ, ಹೊಸದು ಹಾಕಿ." ಇದನ್ನು ನಾನು ಒಪ್ಪುವುದಿಲ್ಲ. ಪರೀಕ್ಷೆ ಮಾಡದೆ ಸುಮ್ನೆ ದುಡ್ಡು ಸುರಿಯುವುದು ತಪ್ಪು.

ಮೊದಲು ಪವರ್ ಸಪ್ಲೈಯ ಹಿಂಬದಿಯ ಸ್ವಿಚ್ ಆನ್ ಇದೆಯೇ ನೋಡಿ. ಮದರ್‌ಬೋರ್ಡಿನ, ಅಂದರೆ ಎಲ್ಲ ಪಾರ್ಟ್ ಸೇರುವ ದೊಡ್ಡ ಬೋರ್ಡಿನ, 24 ಪಿನ್ ಕನೆಕ್ಟರ್, ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ ಕನೆಕ್ಟರ್, ಎರಡನ್ನೂ ಪೂರ್ತಿ ಒಳಗೆ ಒತ್ತಿ.

ಆಮೇಲೆ ಬಟನ್. ನಾವು ಒತ್ತುವ ಈ ಬಟನ್ ನೇರವಾಗಿ ಕರೆಂಟ್ ಹಾಯಿಸುವುದಿಲ್ಲ. ಪಿಸಿ ಆಫ್ ಇದ್ದಾಗಲೂ ಪವರ್ ಸಪ್ಲೈ ಬೋರ್ಡಿಗೆ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಬಟನ್ ಒತ್ತಿದಾಗ ಬೋರ್ಡಿಗೆ ಸುದ್ದಿ ಮುಟ್ಟುತ್ತದೆ. ಬೋರ್ಡ್ ಹೇಳಿದ ಮೇಲೆಯೇ ಪವರ್ ಸಪ್ಲೈ 12 ವೋಲ್ಟ್ ಬಿಡುತ್ತದೆ. ಹಾಗಾಗಿ ಬಟನ್ನಿನ ಆ ಸಣ್ಣ ಎರಡು ಪಿನ್ನಿನ ವೈರು ಪಕ್ಕದ ಪಿನ್ನಿಗೆ ಹೋಗಿದ್ದರೂ ಸಾಕು, ಇಡೀ ಪಿಸಿ ಸತ್ತಂತೆ ಕಾಣುತ್ತದೆ. ಆ ವೈರನ್ನು ಕಿತ್ತು, ಮ್ಯಾನ್ಯುಯಲ್‌ನಲ್ಲಿ ಪವರ್ ಸ್ವಿಚ್ಚಿನ ಎರಡು ಪಿನ್ ಯಾವುವು ಎಂದು ನೋಡಿ, ಸ್ಕ್ರೂಡ್ರೈವರ್ ತುದಿಯಿಂದ ಎರಡನ್ನೂ ಒಟ್ಟಿಗೆ ಒಂದು ಕ್ಷಣ ಮುಟ್ಟಿಸಿ. ಫ್ಯಾನ್ ಗುಯ್ ಅಂತ ಶುರುವಾದರೆ ದೋಷ ಇರುವುದು ಬಟನ್ ಅಥವಾ ಅದರ ವೈರಿನಲ್ಲಿ.

ನನ್ನ ಒಂದು ಪಿಸಿಯಲ್ಲಿ ಹೀಗೂ ಆಗಿತ್ತು: ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಎಲ್ಲೋ ಶಾರ್ಟ್ ಆದರೆ ಪವರ್ ಸಪ್ಲೈ ತಾನಾಗಿಯೇ ನಿಂತುಹೋಗುತ್ತದೆ. ಬೋರ್ಡ್ ಹೊರಗೆ ತೆಗೆದು ನೋಡಿದೆ. ಕೇಸಿನಲ್ಲಿ ಒಂದು ಹಿತ್ತಾಳೆಯ ಸ್ಟ್ಯಾಂಡಾಫ್ (ಬೋರ್ಡನ್ನು ಕೇಸಿಗೆ ತಾಗದಂತೆ ಎತ್ತಿ ಹಿಡಿಯುವ ಸಣ್ಣ ಕಂಬ) ಜಾಸ್ತಿ ಇತ್ತು. ಬೋರ್ಡಿನಲ್ಲಿ ತೂತೇ ಇಲ್ಲದ ಜಾಗದಲ್ಲಿ ಅದು ನಿಂತು, ಹಿಂಬದಿಯ ಬೆಸುಗೆಗೆ ತಾಗುತ್ತಿತ್ತು. ಅದನ್ನು ತಿರುಗಿಸಿ ತೆಗೆದೆ, ಪಿಸಿ ಆನ್ ಆಯಿತು. ಅಷ್ಟರೊಳಗೆ ನಾನು ಹೊಸ ಬೋರ್ಡ್ ಹುಡುಕಲು ಶುರುಮಾಡಿದ್ದೆ!

ಅಂದಿನಿಂದ ನಾನು ಏನನ್ನೂ ನೇರವಾಗಿ ಕೇಸಿಗೆ ಹಾಕುವುದಿಲ್ಲ. ನೀವೂ ಹಾಕಬೇಡಿ. ಬೋರ್ಡ್ ಬಂದ ರಟ್ಟಿನ ಡಬ್ಬದ ಮೇಲೆಯೇ ಅದನ್ನಿಡಿ. ಪ್ರೊಸೆಸರ್, ಕೂಲರ್, ಒಂದೇ ಒಂದು ರ‍್ಯಾಮ್, ಪವರ್ ಸಪ್ಲೈ, ಇಷ್ಟೇ ಇರಲಿ. ಬೋರ್ಡ್ ಸುತ್ತಿ ಬಂದ ಬೆಳ್ಳಿ ಬಣ್ಣದ ಕವರಿನ ಮೇಲೆ ಮಾತ್ರ ಬೇಡ, ಅದರಲ್ಲಿ ಕರೆಂಟ್ ಹರಿಯಬಹುದು. ಮೊದಲು ಹೇಳಿದಂತೆ ಸ್ಕ್ರೂಡ್ರೈವರ್ ತುದಿಯಿಂದಲೇ ಆನ್ ಮಾಡಿ ನೋಡಿ. ಇಷ್ಟರಲ್ಲಿ ಆನ್ ಆದರೆ ಪ್ಲಗ್ ತೆಗೆದು ಒಂದೊಂದೇ ಪಾರ್ಟ್ ಸೇರಿಸುತ್ತಾ ಹೋಗಿ. ಯಾವುದನ್ನು ಸೇರಿಸಿದಾಗ ನಿಂತಿತೋ ಅಲ್ಲೇ ಹುಡುಕಿ. ಏನೂ ಸೇರಿಸದೆಯೇ ಆನ್ ಆಗದಿದ್ದರೆ, ಗೆಳೆಯರ ಪವರ್ ಸಪ್ಲೈ ತಂದು ಹಾಕಿ ನೋಡಿ. ತರುವಾಗ ಅದರದ್ದೇ ಕೇಬಲ್ ತನ್ನಿ. ಬೇರೆ ಬೇರೆ ಪವರ್ ಸಪ್ಲೈಗಳ ಕೇಬಲ್ ತುದಿ ಒಂದೇ ತರ ಕಂಡರೂ ಒಳಗಿನ ಪಿನ್ನುಗಳ ಕ್ರಮ ಬೇರೆ ಇರಬಹುದು, ಪಾರ್ಟ್ ಸುಟ್ಟುಹೋಗುತ್ತದೆ.

ಬಿಚ್ಚಿ ಅಂದೆ ಎಂದು ಪವರ್ ಸಪ್ಲೈಯ ಡಬ್ಬವನ್ನು ಮಾತ್ರ ದಯವಿಟ್ಟು ತೆರೆಯಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಪ್ರಾಣಕ್ಕೆ ಕುತ್ತು ತರುವಷ್ಟು ಕರೆಂಟ್ ಉಳಿದಿರಬಹುದು.