ಉಬ್ಬಸ ಯಾರ ಕಡೆಯಿಂದ ಬಂತು?

ಕೇಳುಗರೆಲ್ಲರಿಗೂ ನಮಸ್ಕಾರ. ಆಸ್ತಮಾ ಇರುವ ಮಗುವಿನ ತಂದೆ ತಾಯಿಗಳೇ, ಇಂದಿನ ಮಾತು ಮುಖ್ಯವಾಗಿ ನಿಮಗೆ. ನಡುರಾತ್ರಿ ಮಗು ಎದ್ದು ಕುಳಿತು, ಹೆಗಲು ಮೇಲೆತ್ತಿ, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಹೋಗುವಂತೆ ಉಸಿರೆಳೆಯುವುದನ್ನು ನೀವು ಕಂಡಿದ್ದೀರಿ. ಮರುದಿನ ನನ್ನೆದುರು ಕುಳಿತಾಗ ಕೇಳುವುದು ಮಾತ್ರ ಒಂದೇ ಪ್ರಶ್ನೆ: “ಇದು ಯಾರ ಕಡೆಯಿಂದ ಬಂತು ಡಾಕ್ಟರೇ?” ಕೇಳುತ್ತಲೇ ಗಂಡ ಹೆಂಡತಿಯನ್ನೂ ಹೆಂಡತಿ ಗಂಡನನ್ನೂ ನೋಡುತ್ತಾರೆ.

ದಯವಿಟ್ಟು ಈ ಪಂಚಾಯಿತಿ ಬಿಡಿ. ವಂಶದಿಂದ ಬರುವುದು ಕಾಯಿಲೆಯಲ್ಲ, ಕೆರಳುವ ಗುಣ. ಶ್ವಾಸನಾಳ ಬೇಗ ಕೆರಳುವ ಗುಣ, ಅಷ್ಟೇ.

ನಮ್ಮ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ನಿಮಗೂ ನನಗೂ ಅಲ್ಲಲ್ಲಿ ಒಂದೊಂದು ಅಕ್ಷರ ಬೇರೆ. ಆಸ್ತಮಾದ ವಿಷಯದಲ್ಲಿ ಇಂಥ ವ್ಯತ್ಯಾಸಗಳು ಹೆಚ್ಚಾಗಿ ಮಾಡುವ ಕೆಲಸ, ನೀವು ಈಗ ರೇಡಿಯೋದ ಗುಂಡಿ ತಿರುಗಿಸುವಂಥದ್ದು: ಒಂದು ಜೀನಿನ, ಅಂದರೆ ದೇಹಕ್ಕೆ ಒಂದು ಕೆಲಸ ಹೇಳುವ ಡಿಎನ್‌ಎ ತುಣುಕಿನ, ದನಿ ತುಸು ಏರುತ್ತದೆ, ಇನ್ನೊಂದರದು ತುಸು ಇಳಿಯುತ್ತದೆ. ಇಂಥ ಗುಂಡಿಗಳು ನೂರಕ್ಕೂ ಹೆಚ್ಚು ಕಡೆ ಸಿಕ್ಕಿವೆ. ‘ಆಸ್ತಮಾ ಜೀನ್’ ಎಂಬ ಒಬ್ಬ ಖಳನಾಯಕನನ್ನು ಹುಡುಕಿದರೆ ಅವನು ಸಿಗುವುದಿಲ್ಲ.

ನನಗೆ ಬಹಳ ಪ್ರಿಯವಾದ ಒಂದು ದ್ವೀಪದ ಕಥೆಯಿದೆ. ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವಿನ ಟ್ರಿಸ್ಟಾನ್ ಡ ಕುನ್ಹಾ. ಹತ್ತಿರದ ನೆರೆಯೂರು ಯಾವುದು ಎಂದರೆ, ಎರಡು ಸಾವಿರ ಕಿಲೋಮೀಟರ್‌ಗೂ ಆಚೆಯ ಸೇಂಟ್ ಹೆಲೆನಾ! 1816ರಲ್ಲಿ ಬ್ರಿಟಿಷರು ಅಲ್ಲಿ ಸೈನಿಕ ಠಾಣೆ ಹಾಕಿದರು, ಮರುವರ್ಷವೇ ಕಿತ್ತರು. ವಿಲಿಯಂ ಗ್ಲಾಸ್ ಎಂಬ ಕಾರ್ಪೊರಲ್ ಸಂಸಾರ ಸಮೇತ ಅಲ್ಲೇ ಉಳಿದ. ಆಮೇಲೆ ಸೇಂಟ್ ಹೆಲೆನಾದಿಂದ ಕೆಲವು ಹೆಂಗಸರು ಬಂದರು, ಹಡಗು ಒಡೆದ ನಾವಿಕರು ಸೇರಿಕೊಂಡರು. ಈ ಕೆಲವೇ ಜನರ ಸಂತತಿಯೇ ಇಡೀ ಊರಾಯಿತು. 1961ರಲ್ಲಿ ಜ್ವಾಲಾಮುಖಿ ಸಿಡಿದು, ದ್ವೀಪಕ್ಕೆ ದ್ವೀಪವೇ ಇಂಗ್ಲೆಂಡಿಗೆ ಬಂದಿಳಿಯಿತು. ಪರೀಕ್ಷಿಸಿದ ವೈದ್ಯರು ಬೆರಗಾದರು: ಇಷ್ಟೊಂದು ಜನರಿಗೆ ಉಬ್ಬಸವೇ? 1963ರಲ್ಲಿ ಹೆಚ್ಚಿನವರು ತಮ್ಮ ಬಂಡೆಗೇ ಮರಳಿದರು. ಮೂವತ್ತು ವರ್ಷಗಳ ಮೇಲೆ ಟೊರೊಂಟೊದ ವಿಜ್ಞಾನಿಗಳು ಹಡಗು ಹತ್ತಿ ಅಲ್ಲಿಗೇ ಹೋಗಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಆಸ್ತಮಾದ ಒಂದಲ್ಲ ಒಂದು ಕುರುಹು. ಮೊದಲು ನೆಲೆಸಿದವರಲ್ಲೇ ಕೆಲವರು ಅದನ್ನು ಹೊತ್ತು ತಂದಿದ್ದರು.

ನೋಡಿದಿರಾ, ವಂಶದ್ದೇ ಎನ್ನುತ್ತೀರಿ. ತಾಳಿ. ಅದೇ ಮುತ್ತಜ್ಜಿಯ ಮರಿಮಕ್ಕಳಲ್ಲಿ ಉಳಿದವರಿಗೆ ಏಕೆ ಬರಲಿಲ್ಲ? ಡಿಎನ್‌ಎ ಪೂರ್ತಿ ಒಂದೇ ಆಗಿರುವ ಅವಳಿಗಳಲ್ಲೂ ಒಬ್ಬರಿಗೆ ಆಸ್ತಮಾ ಇದ್ದು ಇನ್ನೊಬ್ಬರಿಗೆ ಇಲ್ಲದಿರುವುದು ಅಪರೂಪವೇನಲ್ಲ. ಬಂದಿದ್ದು ಕೆರಳುವ ಗುಣ. ಕೆರಳಿಸಲು ಏನಾದರೂ ಬೇಕಲ್ಲ?

ದ್ವೀಪದಲ್ಲೇ ಬಹಳ ಹೊತ್ತು ಕಳೆದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಡಿಎನ್‌ಎ ಸುತ್ತಿಕೊಂಡಿರುವ ವರ್ಣತಂತುಗಳಲ್ಲಿ 17ನೆಯದರ ಒಂದು ಭಾಗಕ್ಕೂ ಮಕ್ಕಳ ಆಸ್ತಮಾಕ್ಕೂ ನಂಟಿರುವುದು 2007ರಲ್ಲಿ ಗೊತ್ತಾಯಿತು. ಅಲ್ಲಿಯ ವ್ಯತ್ಯಾಸ ಹೆಚ್ಚು ಕಾಡುವುದು, ಎಳವೆಯಲ್ಲೇ ನೆಗಡಿಯ ರೈನೋವೈರಸ್ ತಗುಲಿ ಎದೆ ಸುಯ್‌ಗುಟ್ಟಿದ ಮಕ್ಕಳನ್ನು. ಇನ್ನು ಅಮೆರಿಕದಲ್ಲಿ ಬೇಸಾಯ ಮಾಡಿ ಬದುಕುವ ಎರಡು ಕ್ರೈಸ್ತ ಸಮುದಾಯಗಳು, ಅಮಿಶ್ ಮತ್ತು ಹಟರೈಟ್, ವಂಶದಲ್ಲಿ ಬಹಳ ಹತ್ತಿರ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮಿಶ್ ಮಕ್ಕಳಲ್ಲಿ ಆಸ್ತಮಾ ಶೇ 5ರಷ್ಟು, ಹಟರೈಟ್ ಮಕ್ಕಳಲ್ಲಿ ಶೇ 21ರಷ್ಟು. ಅಮಿಶ್ ಮಕ್ಕಳು ಮನೆಯ ಪಕ್ಕದ ಕೊಟ್ಟಿಗೆಯ ದೂಳಿನಲ್ಲಿ ಬೆಳೆಯುತ್ತಾರೆ. ಹಟರೈಟರದು ಯಂತ್ರಗಳ ದೊಡ್ಡ ಬೇಸಾಯ, ಮನೆಯಿಂದ ದೂರ. ವಂಶ ಹೆಚ್ಚುಕಡಿಮೆ ಒಂದೇ, ಬೆಳೆದ ಪರಿಸರ ಬೇರೆ; ಎಳವೆಯಿಂದಲೇ ಸಿಕ್ಕ ಆ ಕೊಟ್ಟಿಗೆಯ ದೂಳೇ ಅಮಿಶ್ ಮಕ್ಕಳನ್ನು ಕಾಪಾಡಿರಬಹುದು.

“ಹಾಗಾದರೆ ಜೀನ್ ಪರೀಕ್ಷೆ ಮಾಡಿಸಲೇ?” ಬೇಡ. ಇಷ್ಟು ಹೇಳಿದ ಮೇಲೂ ಇದನ್ನು ಕೇಳುವವರಿದ್ದಾರೆ, ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ: ಬೇಡ. ಆ ದುಡ್ಡು ಉಳಿಸಿ. ಮನೆಯಲ್ಲಿ ಸಿಗರೇಟು ಸೇದುವವರಿದ್ದರೆ ನಿಲ್ಲಿಸಲಿ, ಬಸಿರಿನಲ್ಲಂತೂ ಹೊಗೆ ಸುಳಿಯಲೇ ಬಾರದು. ವೈದ್ಯರು ದಿನವೂ ಎಂದು ಬರೆದ ಇನ್ಹೇಲರ್ ದಿನವೂ ಬೇಕು, ಮಗು ಚೆನ್ನಾಗಿ ಆಡಿಕೊಂಡಿರುವಾಗಲೂ. ಹಲವು ಇನ್ಹೇಲರ್‌ಗಳ ಬೆನ್ನಿಗೆ ಪುಟ್ಟ ಕಿಂಡಿಯಲ್ಲಿ ಒಂದು ಸಂಖ್ಯೆ ಇರುತ್ತದೆ, ಉಳಿದ ಡೋಸುಗಳ ಲೆಕ್ಕ. ರೇಡಿಯೋ ಆರಿಸಿದ ಕೂಡಲೇ ಅದು ಸೊನ್ನೆಗೆ ಬಂದಿದೆಯೇ ನೋಡಿ. ನಮಸ್ಕಾರ.